ಎರಡನೆಯ ಸಲ ಬಂದ ದೆವ್ವ

ನಮ್ಮ ಊರು ಹಾಗಲವಾಡಿ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿಗೆ ಸೇರಿದ್ದು. ಹಿಂದೆ ಪಾಳೆಯಗಾರರು ಆಳಿದ ಊರು. ಈಗ ನನ್ನಂಥವರು ಹೊಟ್ಟೆಪಾಡಿಗಾಗಿ ಪಟ್ಟಣ ಸೇರಿ, 'ನಮ್ಮ ಊರು' ಎಂದು ಹೇಳಿಕೊಳ್ಳುವುದಕ್ಕಾಗಿ ಉಳಿದಿರುವ ಊರು. ಹೆಸರು ಕೇಳಿದವರು "ಅಲ್ಲಿ ಹಾಗಲಕಾಯಿ ಹೆಚ್ಚಾಗಿ ಬೆಳೆಯುತ್ತಾರೋ?" ಎಂದು ಕೇಳದೆ ಬಿಟ್ಟದ್ದಿಲ್ಲ. ಬೆಳೆಯುವುದು ರಾಗಿ, ತೆಂಗು, ಅಡಿಕೆ. ಆದರೆ ನಮ್ಮ ಮನೆಯಲ್ಲಂತೂ ಹಾಗಲಕಾಯಿ ಗೊಜ್ಜಿಗೆ ಕೊರತೆಯಿರಲಿಲ್ಲ. ಮಾಡಿದ ದಿನ ಮಕ್ಕಳಾದ ನಾವು ಅದನ್ನು ಮುಟ್ಟುತ್ತಿರಲಿಲ್ಲ. "ಆಗಲಿ, ನಾಳೆ ತಿನ್ನಿ. ಗೊಜ್ಜು ಎರಡನೆಯ ದಿನ ನಮಗೆ, ಉಪ್ಪಿಟ್ಟು ಎರಡನೆಯ ದಿನ ಎಮ್ಮೆಗೆ" ಎನ್ನುತ್ತಿದ್ದಳು ನಮ್ಮ ಅಜ್ಜಿ. ಸಿನಿಮಾಗಳ ಎರಡನೆಯ ಭಾಗದ ವಿಷಯದಲ್ಲಿ ಇದಕ್ಕಿಂತ ಮಿಗಿಲಾದ ವಿಮರ್ಶೆಯನ್ನು ನಾನು ಎಲ್ಲಿಯೂ ಓದಿಲ್ಲ. ನಮ್ಮ ಅಜ್ಜಿ ತನ್ನ ಜೀವಮಾನದಲ್ಲಿ ಒಂದು ಸಿನಿಮಾವನ್ನೂ ನೋಡಿದವಳಲ್ಲ ಎಂಬುದು ಬೇರೆ ಮಾತು.

ಈ ಗೊಜ್ಜಿನ ಮಾತು ನೆನಪಾಗುವುದಕ್ಕೆ ಕಾರಣ ನನ್ನ ಮೊಮ್ಮಗ. 2024ರ ಆಗಸ್ಟಿನಲ್ಲಿ ಅವನು ನನ್ನನ್ನು 'ಸ್ತ್ರೀ 2' ಎಂಬ ಹಿಂದಿ ಚಿತ್ರಕ್ಕೆ ಎಳೆದುಕೊಂಡು ಹೊರಟ. "ಹೆದರಿಸುವ ಚಿತ್ರವೋ, ನಗಿಸುವ ಚಿತ್ರವೋ?" ಎಂದೆ. "ಎರಡೂ ತಾತ" ಎಂದ. ಎಪ್ಪತ್ತನಾಲ್ಕು ವರ್ಷದ ಹೃದಯಕ್ಕೆ ಒಂದೇ ಸಲ ಎರಡನ್ನೂ ಬಡಿಸಬಹುದೆ ಎಂದು ವೈದ್ಯರನ್ನು ಕೇಳಬೇಕಾಗಿತ್ತು. ಹುಡುಗ ಅಷ್ಟಕ್ಕೂ ಬಿಡುವು ಕೊಡಲಿಲ್ಲ. ಮೊದಲನೆಯ ಭಾಗ ನೋಡದೆ ಎರಡನೆಯದಕ್ಕೆ ಹೋಗಬಾರದೆಂದು ಹಿಂದಿನ ರಾತ್ರಿ ಮನೆಯಲ್ಲಿಯೇ 2018ರ ಮೊದಲ ಚಿತ್ರವನ್ನು ತೋರಿಸಿದ. ನೋಡುತ್ತ ನೋಡುತ್ತ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಆ ದೆವ್ವ ನಮ್ಮದು!

ವಾಚಕರಲ್ಲಿ ವಯಸ್ಸಾದವರಿಗೆ ನೆನಪಿರಬೇಕು. 1990ರ ದಶಕದಲ್ಲಿ ಬೆಂಗಳೂರಿನ ಬೀದಿಗಳಲ್ಲಿಯೂ ಸುತ್ತಮುತ್ತಲಿನ ಹಳ್ಳಿಗಳಲ್ಲಿಯೂ ಮನೆಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂಬ ಬರಹ ಕಾಣಿಸಿಕೊಂಡಿತು. ಇರುಳಿನಲ್ಲಿ ಒಂದು ಹೆಣ್ಣು ದೆವ್ವ ಬಾಗಿಲು ತಟ್ಟುತ್ತದೆ; ನಮ್ಮವರದೇ ಧ್ವನಿಯಲ್ಲಿ ಕರೆಯುತ್ತದೆ; ಓಗೊಟ್ಟು ಬಾಗಿಲು ತೆರೆದವನ ಕಥೆ ಮುಗಿಯಿತು. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರೆ ಓದಿಕೊಂಡು ಹಿಂದಿರುಗುತ್ತದೆ. ಮಾರನೆಯ ದಿನ ಬಂದರೂ ಅದೇ ಬರಹ, ಅದೇ ಮರ್ಯಾದೆ. 'ಇಂದು ನಗದು, ನಾಳೆ ಉದ್ರಿ' ಎಂದು ಬೋರ್ಡು ತೂಗುಹಾಕುವ ನಮ್ಮ ಅಂಗಡಿಯವರ ಉಪಾಯವೇ ಇದು. ನಮ್ಮ ದೆವ್ವಕ್ಕೆ ಅಕ್ಷರ ಬರುತ್ತಿತ್ತು ಎಂಬುದನ್ನೂ, ಬರೆದದ್ದನ್ನು ನಂಬುವಷ್ಟು ಸಜ್ಜನಿಕೆ ಅದಕ್ಕಿತ್ತು ಎಂಬುದನ್ನೂ ಕನ್ನಡಿಗರು ಅಭಿಮಾನದಿಂದ ನೆನೆಯಬೇಕು.

ಹಾಗಲವಾಡಿಯ ನಮ್ಮ ಹಳೆಯ ಮನೆಗೂ ಆ ಬರಹ ಬಂತು. ಆಗ ಅಲ್ಲಿದ್ದವರು ಚಿಕ್ಕಪ್ಪ, ಚಿಕ್ಕಮ್ಮ. ಚಿಕ್ಕಮ್ಮನಿಗೆ ಓದು ಬರಹ ಬಾರದು. "ನೀವೇ ಬರೆಯಿರಿ" ಎಂದು ಚಿಕ್ಕಪ್ಪನನ್ನು ಕೇಳಿದಳಂತೆ. ಊರಿನಲ್ಲೆಲ್ಲ ನಗೆಗಾರನೆಂದು ಹೆಸರಾದ ಮನುಷ್ಯ, ಇಂಥದಕ್ಕೆ ಕೈ ತುರಿಸಬೇಕಾದವನು, ಒಲ್ಲೆನೆಂದು ಹೊರಗೆ ಎದ್ದುಹೋದನಂತೆ. ಕೊನೆಗೆ ಪಕ್ಕದ ಮನೆಯ ಹುಡುಗನಿಂದ ಸ್ಲೇಟಿನ ಮೇಲೆ ಬರೆಯಿಸಿಕೊಂಡು, ಅದನ್ನು ನೋಡಿಕೊಂಡು, ಕೆಮ್ಮಣ್ಣಿನಲ್ಲಿ ರಂಗೋಲಿ ಬಿಡಿಸುವಂತೆ ಚಿಕ್ಕಮ್ಮನೇ ಬಿಡಿಸಿದಳು. ಎತ್ವ ತಪ್ಪಿಹೋಗಿ 'ನಾಳ ಬಾ' ಎಂದಾಯಿತು. ದೆವ್ವ ಹೇಗೋ ಅರ್ಥಮಾಡಿಕೊಂಡಿತು; ನಮ್ಮ ಮನೆಗಂತೂ ಬರಲಿಲ್ಲ.

ಈ 'ನಾಳೆ ಬಾ' ಎಂಬುದನ್ನೇ ಹಿಂದಿಯವರು ಮಧ್ಯಪ್ರದೇಶದ ಚಂದೇರಿಗೆ ಕೊಂಡೊಯ್ದು, ಗೋಡೆಗಳ ಮೇಲೆ ತಮ್ಮ ಭಾಷೆಯಲ್ಲಿ ಬರೆದು, ಚಿತ್ರಮಾಡಿದ್ದಾರೆ. ಚಿತ್ರದ ಕೊನೆಯಲ್ಲಿ ಆ ಬರಹ ಬದಲಾಗುತ್ತದೆ: ನಾಳೆ ಬಾ ಎಂದು ಅಟ್ಟುತ್ತಿದ್ದವರೇ, ತಾಯೀ ನಮ್ಮನ್ನು ಕಾಪಾಡು ಎಂದು ಬೇಡಿಕೊಳ್ಳುತ್ತಾರೆ. ಎರಡನೆಯ ಭಾಗ ಹುಟ್ಟಿದ್ದು ಅಲ್ಲಿಂದ. ಮೊದಲಿನ ದೆವ್ವಕ್ಕೆ ಜನ ಒಗ್ಗಿಹೋದದ್ದರಿಂದ ತಲೆಯಿಲ್ಲದ ಹೊಸದೊಂದು ಪಿಶಾಚಿಯನ್ನು ಕರೆತಂದಿದ್ದಾರೆ. ಅದು ಎತ್ತಿಕೊಂಡು ಹೋಗುವುದು ತಮ್ಮ ಇಷ್ಟದಂತೆ ಬದುಕಬಯಸುವ ಹೆಣ್ಣುಮಕ್ಕಳನ್ನು. ಚಿತ್ರಮಂದಿರದಲ್ಲಿ ನಗು ಎದ್ದು ಬಿದ್ದು ಹೊರಳಾಡುತ್ತಿತ್ತು. ಆದರೆ ಆ ತಲೆಯಿಲ್ಲದವನು ಬಂದಾಗ ನನ್ನ ಮೊಮ್ಮಗ ನನ್ನ ತೋಳು ಹಿಡಿದುಕೊಂಡ. ಹೊರಗೆ ಬಂದ ಮೇಲೆ, ತಾತನಿಗೆ ಹೆದರಿಕೆಯಾಗದಿರಲಿ ಎಂದು ಹಿಡಿದುಕೊಂಡೆ ಎಂದ.

ಈ ತೋಳು ಹಿಡಿಯುವುದರಲ್ಲೇ ಇಡೀ ವಿದ್ಯೆಯ ಗುಟ್ಟಿದೆ ಎಂದು ನನ್ನ ಮತ. ಭಯಾನಕವನ್ನು ಅಣಕಿಸಿ ನಗಿಸುವವನು ಮೊದಲು ಭಯವನ್ನು ಸಂಪಾದಿಸಿಟ್ಟುಕೊಂಡಿರಬೇಕು. ಅದು ಅವನ ಬಂಡವಾಳ. ನಗು ಅದರ ಬಡ್ಡಿ. ನಮ್ಮ ಕಡೆಯ ಮೂಡಲಪಾಯದ ಬಯಲಾಟದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ರಾಕ್ಷಸನ ಪ್ರವೇಶಕ್ಕೆ ಮುಂಚೆ ತೆರೆಯ ಹಿಂದಿನಿಂದ ಬರುತ್ತಿದ್ದ ಆರ್ಭಟಕ್ಕೆ ತಾಯಂದಿರು ಎಳೆಗೂಸುಗಳ ಕಿವಿ ಮುಚ್ಚುತ್ತಿದ್ದರು. ಆಗ ಹಾಸ್ಯಗಾರ ತೆರೆಯ ಮುಂದೆ ನಿಂತು ಗಡಗಡ ನಡುಗಿ ನಮ್ಮನ್ನು ನಗಿಸುತ್ತಿದ್ದ. ರಾಕ್ಷಸ ಮಾತ್ರ ಎಂದಿಗೂ ನಗುತ್ತಿರಲಿಲ್ಲ, ಹಾಸ್ಯಗಾರನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅವನೇನಾದರೂ ಒಂದು ಸಲ ಹಲ್ಲು ಕಿರಿದಿದ್ದರೆ ಆಟ ಅಲ್ಲಿಗೆ ಮುಗಿದಂತೆ.

ಅಮೆರಿಕದವರಿಗೂ ಇದು ಒಂದು ಕಾಲಕ್ಕೆ ತಿಳಿದಿತ್ತು. 1948ರಲ್ಲಿ ಅಬಟ್ ಮತ್ತು ಕಾಸ್ಟೆಲೊ ಎಂಬ ಹಾಸ್ಯನಟರ ಜೋಡಿ ಫ್ರಾಂಕೆನ್‌ಸ್ಟೈನನ ರಾಕ್ಷಸನನ್ನು ಸಂಧಿಸುವ ಚಿತ್ರವೊಂದು ಬಂತು. ಅದರಲ್ಲಿ ಡ್ರಾಕುಲಾ ಆಗಿದ್ದವರು ಬೇಲಾ ಲುಗೋಸಿ. 1931ರಲ್ಲಿ ಲೋಕವನ್ನೇ ಹೆದರಿಸಿದ ಅದೇ ಮನುಷ್ಯ. ಹದಿನೇಳು ವರ್ಷ ಕಳೆದರೂ ಆತ ತಮಾಷೆಗೆ ಇಳಿಯದೆ ಗಂಭೀರವಾಗಿ ರಕ್ತ ಹೀರುವ ಕೆಲಸ ನೋಡಿಕೊಂಡಿದ್ದಾರೆ. ನಡುಗುವ ಕೆಲಸವೆಲ್ಲ ದಪ್ಪ ಕಾಸ್ಟೆಲೊನದು. ಆ ಚಿತ್ರ ಗೆದ್ದ ಮೇಲೆ ಅದೇ ಜೋಡಿ ಅದೃಶ್ಯ ಮನುಷ್ಯನನ್ನು ಸಂಧಿಸಿತು, ಜೆಕಿಲ್ ಮಹಾಶಯನನ್ನು ಸಂಧಿಸಿತು, 1955ರ ಹೊತ್ತಿಗೆ ಈಜಿಪ್ಟಿನ ಹೆಣವನ್ನೂ ಸಂಧಿಸಿತು. ಅಷ್ಟು ಹೊತ್ತಿಗೆ ದೆವ್ವಗಳಿಗೂ ಬೇಸರ ಬಂದಿರಬೇಕು.

ನಮ್ಮ ಕಾಲಕ್ಕೆ ಬಂದರೆ 'ಸ್ಕೇರಿ ಮೂವಿ'ಯ ಸಂತತಿ. 2000ದ ಮೊದಲ ಚಿತ್ರದ ಭಿತ್ತಿಪತ್ರದಲ್ಲಿ, ಇದಕ್ಕೆ ಎರಡನೆಯ ಭಾಗವಿಲ್ಲ ಎಂದು ಘೋಷಿಸಿದ್ದರು. ಮಾರನೆಯ ವರ್ಷವೇ ಎರಡನೆಯ ಭಾಗ ಬಂತು. ಅದರ ಭಿತ್ತಿಪತ್ರದಲ್ಲಿ, ನಾವು ಹೇಳಿದ್ದು ಸುಳ್ಳು ಎಂದು ಒಪ್ಪಿಕೊಂಡರು. ಇಷ್ಟು ಪ್ರಾಮಾಣಿಕರಾದ ಸುಳ್ಳುಗಾರರನ್ನು ನಾನು ಚುನಾವಣೆಗಳಲ್ಲಿಯೂ ಕಂಡಿಲ್ಲ. ಮೊಮ್ಮಗನ ಕೃಪೆಯಿಂದ ಐದು ಭಾಗಗಳನ್ನೂ ನೋಡಿದ್ದೇನೆ. ಮೊದಲನೆಯದರ ಹಿಂದೆ 1996ರ 'ಸ್ಕ್ರೀಮ್' ಎಂಬ ಚಿತ್ರದ ಮುಖವಾಡದವನಿದ್ದ. ಹುಡುಗರು ನಿಜವಾಗಿ ಹೆದರಿದ್ದ ಮುಖವಾಡ ಅದು, ಆದ್ದರಿಂದ ಅಣಕಿಸಿದಾಗ ನಕ್ಕರು. 2013ರ ಐದನೆಯದರಲ್ಲಿ ಯಾರನ್ನು ಅಣಕಿಸುತ್ತಿದ್ದಾರೆಂಬುದನ್ನು ಮೊಮ್ಮಗ ಚಿತ್ರ ನಿಲ್ಲಿಸಿ ನಿಲ್ಲಿಸಿ ನನಗೆ ವಿವರಿಸಬೇಕಾಯಿತು. ಟಿಪ್ಪಣಿ ಸಹಿತವಾದ ಹಾಸ್ಯಕ್ಕೆ ಯಾರು ನಕ್ಕಾರು?

ದೂರದ ಬೆಟ್ಟ ಸಾಕು. ನಮ್ಮ ಚಿಕ್ಕಪ್ಪನ ಕಡೆಗೆ ಬರುತ್ತೇನೆ. ದೆವ್ವದ ಅಣಕವನ್ನು ನಾನು ಮೊದಲು ನೋಡಿದ್ದು ಅವನಲ್ಲಿ.

ನನಗೆ ಹತ್ತು ವರ್ಷವಾಗಿದ್ದಾಗ ಚಿಕ್ಕಪ್ಪನಿಗೆ ಇಪ್ಪತ್ತೆರಡು. ಗುಬ್ಬಿ ಕಂಪನಿಯ ನಾಟಕಗಳನ್ನು ನೋಡಿ, ವೀರಣ್ಣನವರಂತೆ ತಾನೂ ಹಾಸ್ಯನಟನಾಗಬೇಕೆಂದು ಹಂಬಲಿಸಿ, ಅಪ್ಪನಿಂದ ಏಟು ತಿಂದು, ಗದ್ದೆ ನೋಡಿಕೊಂಡಿದ್ದವನು. ತುಮಕೂರಿನಿಂದ ನಮ್ಮ ಭಾವನವರು ಬಂದಿದ್ದರು, ಇಂಗ್ಲಿಷ್ ಓದಿದವರು, ದೆವ್ವವೆಂಬುದು ಅಜ್ಞಾನವೆಂದು ಊಟದ ಎಲೆಯ ಮುಂದೆ ಮೂರು ದಿನ ಉಪನ್ಯಾಸ ಮಾಡಿದರು. ನಾಲ್ಕನೆಯ ದಿನ ಸಂಜೆ ಕೆರೆಯ ಏರಿಯ ಮೇಲೆ ಗಾಳಿಗೆ ಹೊರಟವರಿಗೆ ಹುಣಿಸೆಮರದ ಕೆಳಗೆ ಏಳಡಿಯ ಬಿಳಿಯ ಆಕೃತಿ ಕಾಣಿಸಿತು. ತೂತು ಮಾಡಿದ ಮಡಕೆಯೊಳಗೆ ಹಣತೆ. ಅದನ್ನು ತಲೆಯ ಮೇಲಿಟ್ಟುಕೊಂಡು ಪಂಚೆ ಹೊದ್ದು ನಿಂತವನು ಚಿಕ್ಕಪ್ಪ. ಭಾವನವರು ಎಡಗಾಲಿನ ಮೆಟ್ಟನ್ನು ಅಲ್ಲಿಯೇ ಬಿಟ್ಟು ಮನೆ ಸೇರಿದರು. ಮಾರನೆಯ ಬೆಳಿಗ್ಗೆ ಚಿಕ್ಕಪ್ಪ ಆ ಮೆಟ್ಟನ್ನು ತಂದು, "ಭಾವ, ಅಜ್ಞಾನ ಇದನ್ನು ಕೊಟ್ಟು ಕಳಿಸಿದೆ" ಎಂದು ಅವರ ಮುಂದಿಟ್ಟ. ಒಂದು ತಿಂಗಳು ಊರು ನಕ್ಕಿತು. ಭಾವನವರೂ ನಕ್ಕರು, ಸ್ವಲ್ಪ ತಡವಾಗಿ.

ಇಷ್ಟು ಗೆದ್ದ ಆಟಕ್ಕೆ ಉತ್ತರಭಾಗ ಬೇಡವೆ? ಮುಂದಿನ ವರ್ಷ ನಾವು ಹುಡುಗರೇ ಕಾಡಿ ಬೇಡಿ ಚಿಕ್ಕಪ್ಪನನ್ನು ಒಪ್ಪಿಸಿದೆವು. ಅದೇ ಮರ, ಅದೇ ಮಡಕೆ, ಅದೇ ಪಂಚೆ. ನಾವು ಆರು ಜನ ಏರಿಯ ಕಲ್ಲುಗಳ ಹಿಂದೆ ಬಾಯಿಗೆ ಬಟ್ಟೆ ತುರುಕಿಕೊಂಡು ಕುಳಿತೆವು. ಆ ಸಂಜೆ ಮೊದಲು ಬಂದವನು ಒಬ್ಬ ಮುದುಕ. ಬಾಡಿಗೆಗೆ ಗಾಡಿ ಹೊಡೆಯುತ್ತಿದ್ದವನು. ಹಿಂದಿನ ಬೇಸಗೆಯಲ್ಲಿ ಅವನ ಹೆಂಡತಿ ಕಾಯಿಲೆ ಬಿದ್ದು ತೀರಿಕೊಂಡಿದ್ದಳು. ಅದು ನಮಗೆ ಗೊತ್ತಿತ್ತು. ಆದರೆ ಆ ಹೊತ್ತಿಗೆ ನೆನಪಿಗೆ ಬರಲಿಲ್ಲ.

ಮುದುಕ ಬಿಳಿಯ ಆಕೃತಿಯನ್ನು ನೋಡಿ ನಿಂತ. ಓಡಲಿಲ್ಲ. ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಎರಡು ಹೆಜ್ಜೆ ಮುಂದೆ ಬಂದ.

"ಬಂದ್ಯೇನಮ್ಮಿ?" ಎಂದ.

ಚಿಕ್ಕಪ್ಪ ಅಲುಗಾಡಲಿಲ್ಲ. ಆಡಬೇಕಾಗಿದ್ದ ಹೂಂಕಾರವೂ ಹೊರಡಲಿಲ್ಲ.

"ಕೆಂದಿ ಈದೈತೆ ಕಣಮ್ಮಿ, ಹೆಣ್ಗರ. ಗಿಣ್ಣು ಕಾಸೋರಿಲ್ಲ, ಆಚೆಮನೇರಿಗೆ ಕೊಟ್ಬುಟ್ಟೆ" ಎಂದು, ಒಂದು ಕಲ್ಲಿನ ಮೇಲೆ ಕುಳಿತ. ಮಗ ಬೆಂಗಳೂರಿನಿಂದ ಕಾಗದ ಹಾಕಿಲ್ಲವೆಂದ. ಸೂರಿನ ಹುಲ್ಲು ಈ ಮಳೆಗೆ ತಡೆಯುವುದಿಲ್ಲವೆಂದ. ಹೊಲಕ್ಕೆ ಹೋಗಿದ್ದವಳು ಹೊತ್ತಾಗಿ ಮನೆಗೆ ಬಂದರೆ ಗಂಡ ಹೇಗೆ ಮಾತನಾಡುವನೋ ಹಾಗೆ. ಸ್ವಲ್ಪ ಹೊತ್ತಿನ ಮೇಲೆ ಎದ್ದು, ವಸ್ತ್ರ ಸುತ್ತಿಕೊಂಡು, "ನಾಳೀಕೂ ಬತ್ತೀಯಾ?" ಎಂದು ಕೇಳಿದ. ಉತ್ತರ ಬಾರದಿರಲು, ಹಿಂದಿರುಗಿ ನೋಡಿಕೊಂಡು ಹೋದ.

ನಾವು ಯಾರೂ ನಗಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಚಿಕ್ಕಪ್ಪ ಮಡಕೆಯನ್ನು ಕೆರೆಗೆ ಎಸೆದ. ಈ ಸುದ್ದಿ ಬಾಯಿಬಿಟ್ಟರೆ ಚರ್ಮ ಸುಲಿಯುತ್ತೇನೆಂದು ನಮ್ಮಿಂದ ಆಣೆ ಹಾಕಿಸಿಕೊಂಡ. ಮುದುಕ ಮಾರನೆಯ ಸಂಜೆಯೂ ಹುಣಿಸೆಮರದ ಕೆಳಗೆ ಬಂದು ಕುಳಿತ. ಅದರ ಮಾರನೆಯ ಸಂಜೆಯೂ ಬಂದ. ಆಮೇಲಾಮೇಲೆ ಚಿಕ್ಕಪ್ಪ ಗದ್ದೆಯಿಂದ ಬರುವಾಗ ಏರಿಯ ದಾರಿ ಹಿಡಿದು, ಏನೋ ಅಕಸ್ಮಾತ್ತಾಗಿ ಸಿಕ್ಕಿದವನಂತೆ ಅವನ ಪಕ್ಕದಲ್ಲಿ ಬೀಡಿ ಹಚ್ಚಿ ಕೂರತೊಡಗಿದ. ಮುದುಕ ಇನ್ನೂ ಮೂರು ವರ್ಷ ಬದುಕಿದ್ದ. ಅಷ್ಟು ದಿನವೂ ಈ ಅಕಸ್ಮಾತ್ತು ನಡೆಯಿತು. ನಿಜವನ್ನು ಅವನಿಗೆ ಹೇಳಬೇಕಾಗಿತ್ತೆ ಎಂದು ಚಿಕ್ಕಪ್ಪ ಬಹಳ ವರ್ಷಗಳ ಮೇಲೆ ನನ್ನನ್ನು ಒಂದು ಸಲ ಕೇಳಿದ. ನನಗೆ ಉತ್ತರ ತೋಚಲಿಲ್ಲ. ಈಗಲೂ ತೋಚಿಲ್ಲ.

ಚಿಕ್ಕಪ್ಪ ಆ ಮೇಲೆ ದೆವ್ವದ ಸಿನಿಮಾ ಬಂದರೆ ಮಾತ್ರ ತಪ್ಪಿಸುತ್ತಿರಲಿಲ್ಲ. 2004ರಲ್ಲಿ 'ಆಪ್ತಮಿತ್ರ'ವನ್ನು ಚಿಕ್ಕಮ್ಮನನ್ನು ಕರೆದುಕೊಂಡು ಬಂದು ತುಮಕೂರಿನಲ್ಲಿ ನಮ್ಮ ಜೊತೆ ನೋಡಿದ. ಆ ಕಥೆಯ ಮೂಲ 1993ರ ಮಲೆಯಾಳದ 'ಮಣಿಚಿತ್ರತ್ತಾಳ್'. ಪಿ. ವಾಸು ಅದನ್ನು ಕನ್ನಡಕ್ಕೆ ತಂದರು. ನಿರ್ಮಾಪಕ ದ್ವಾರಕೀಶ್ ತಾವೇ ಆ ಹಾಳು ಬಂಗಲೆಯಲ್ಲಿ ಹೆದರಿ ಸಾಯುತ್ತ ನಮ್ಮನ್ನು ನಗಿಸಿ ಸಾಯಿಸಿದರು. ಮನೋವೈದ್ಯನಾಗಿ ವಿಷ್ಣುವರ್ಧನ್, ನಾಗವಲ್ಲಿಯಾಗಿ ಬದಲಾಗುವ ಗೃಹಿಣಿಯಾಗಿ ಸೌಂದರ್ಯ. ಆಕೆ ಆ ವರ್ಷದ ಏಪ್ರಿಲ್‌ನಲ್ಲಿಯೇ ಬೆಂಗಳೂರಿನ ಬಳಿ ವಿಮಾನ ಬಿದ್ದು ತೀರಿಕೊಂಡಿದ್ದರು. ಚಿತ್ರ ತೆರೆ ಕಂಡದ್ದು ಆಗಸ್ಟಿನಲ್ಲಿ. ಆಕೆ ಕಣ್ಣರಳಿಸಿ ಕುಣಿಯುವಾಗ ಹೆದರಬೇಕೋ ಮರುಗಬೇಕೋ ತಿಳಿಯದೆ ಜನ ಸ್ತಬ್ಧರಾಗಿದ್ದರು. ಚಿಕ್ಕಮ್ಮ ಮಾತ್ರ, "ಪಾಪ, ಎಷ್ಟು ಚೆಂದ ಕುಣೀತದೆ ಮಗ" ಎಂದಳು.

ಇದೊಂದು ಕಥೆಯ ವಂಶವೃಕ್ಷ ಬಿಡಿಸಿದರೆ ಪಾಳೆಯಗಾರರ ವಂಶಾವಳಿಗಿಂತ ಉದ್ದವಾಗುತ್ತದೆ. ತಮಿಳಿನಲ್ಲಿ 2005ರ 'ಚಂದ್ರಮುಖಿ', ಹಿಂದಿಯಲ್ಲಿ 2007ರ 'ಭೂಲ್ ಭುಲಯ್ಯಾ', ಎಲ್ಲೆಲ್ಲೂ ಗೆಲುವು. ಕಷ್ಟ ಶುರುವಾದದ್ದು ಎರಡನೆಯ ತಲೆಮಾರಿನಲ್ಲಿ. ಮಲೆಯಾಳದವರು 2013ರಲ್ಲಿ 'ಗೀತಾಂಜಲಿ' ಎಂಬ ಚಿತ್ರಕ್ಕೆ ಆ ಮೊದಲ ಮನೋವೈದ್ಯನನ್ನೇ, ಅದೇ ಮೋಹನ್‌ಲಾಲರಿಂದಲೇ ಕರೆತರಿಸಿದರು. ವೈದ್ಯರು ಬಂದರು, ಜನ ಬರಲಿಲ್ಲ. 2023ರ 'ಚಂದ್ರಮುಖಿ 2'ರಲ್ಲಿ ಹಳೆಯ ಬಂಗಲೆ, ಹಳೆಯ ಬಾಗಿಲು, ಹಳೆಯ ಹೆದರಿಕೆ ಎಲ್ಲವೂ ಇದ್ದವು. ಒಲೆಯ ಮುಂದೆ ಪೌರುಷ ಕೊಚ್ಚಿ ಕೌರವರನ್ನು ಕಂಡೊಡನೆ ರಥದಿಂದ ಹಾರಿದ ಉತ್ತರಕುಮಾರನಂತೆ ಪ್ರೇಕ್ಷಕರ ಎದುರಿಗೆ ಬಂದೊಡನೆ ಓಟಕಿತ್ತಿತು. ಉತ್ತರಭಾಗಕ್ಕೆ ಉತ್ತರಕುಮಾರನ ಹೆಸರು ತಗುಲಿಕೊಂಡಿರುವುದು ಸುಮ್ಮನೆ ಅಲ್ಲ. ಹಿಂದಿಯವರು 2022ರಲ್ಲಿ ಹೊಸ ಕಥೆ, ಹೊಸ ನಾಯಕ, ಹೊಸ ದೆವ್ವ ಕಟ್ಟಿ ಹಳೆಯ ಹೆಸರನ್ನು ಮಾತ್ರ ಅಂಟಿಸಿ ಗೆದ್ದರು. ಅದು ಗೊಜ್ಜನ್ನು ಬಿಸಿಮಾಡಿದ್ದಲ್ಲ, ಪಾತ್ರೆಯೊಂದೇ ಹಳೆಯದು.

ಕನ್ನಡದ 'ಕಲ್ಪನ'ದ ಮಾತನ್ನೂ ಇಲ್ಲಿಯೇ ಆಡಿಬಿಡುತ್ತೇನೆ. ತಮಿಳಿನ 'ಕಾಂಚನಾ'ದಿಂದ 2012ರಲ್ಲಿ ಬಂದದ್ದು. ದೆವ್ವವೆಂದರೆ ಅಮ್ಮನ ಸೆರಗು ಹಿಡಿಯುವ ನಾಯಕನಾಗಿ ಉಪೇಂದ್ರ ನಗಿಸುತ್ತಾರೆ. ಆದರೆ ಸಾಯಿಕುಮಾರ್ ಆಡಿದ ಆ ತೃತೀಯಲಿಂಗಿಯ ಪಾತ್ರ ತನ್ನ ಕಥೆ ಹೇಳತೊಡಗಿದ ಮೇಲೆ ನಗು ನಿಂತು, ನಾವು ಬೀದಿಯಲ್ಲಿ ಇಂಥವರನ್ನು ಕಂಡು ಮುಖ ತಿರುಗಿಸಿದ್ದು ನೆನಪಾಗುತ್ತದೆ. ಆ ದೆವ್ವಕ್ಕೆ ಬರಲು ಕಾರಣವಿತ್ತು. 2016ರ 'ಕಲ್ಪನ 2' ನೋಡಿದಾಗ ನನಗೆ ಅನ್ನಿಸಿದ್ದು, ಈ ದೆವ್ವ ಬಂದಿರುವುದು ಮೊದಲನೆಯದು ಬಂದಿತ್ತಲ್ಲಾ ಎಂಬುದಕ್ಕಾಗಿ.

'ಆಪ್ತರಕ್ಷಕ'ದ್ದು ಬೇರೆಯೇ ಕಥೆ. ಬಿಡುಗಡೆಯಾದದ್ದು 2010ರ ಫೆಬ್ರವರಿಯಲ್ಲಿ. ಇಲ್ಲಿ ಬಂಗಲೆಯನ್ನು ನಂಬಿಕೊಂಡಿಲ್ಲ. ನಾಗವಲ್ಲಿಯ ಒಂದು ಪಟ ಮನೆ ಸೇರುತ್ತದೆ, ಪಟದೊಡನೆ ಭಯವೂ ಸೇರುತ್ತದೆ. ಮೊದಲ ಭಾಗದಲ್ಲಿ ಕೊನೆಗೆ ಒಂದಿಷ್ಟು ಸುಳಿದುಹೋದ ದುಷ್ಟ ರಾಜ ವಿಜಯರಾಜೇಂದ್ರ ಬಹದ್ದೂರ್ ಇಲ್ಲಿ ನಡುಮನೆಗೇ ಬರುತ್ತಾನೆ. ಗುಣಪಡಿಸುವ ವೈದ್ಯನೂ ವಿಷ್ಣುವರ್ಧನ್, ಹೆದರಿಸುವ ರಾಜನೂ ವಿಷ್ಣುವರ್ಧನ್. ಅದೇ ಪಿ. ವಾಸು ಅದೇ ವರ್ಷ ಇದೇ ಕಥೆಯನ್ನು ತೆಲುಗಿನಲ್ಲಿ 'ನಾಗವಲ್ಲಿ' ಎಂದು ಮಾಡಿದರು, ವೆಂಕಟೇಶ್ ನಾಯಕ. ಅದು ಸೋತಿತು. ಕಥೆ ಒಂದೇ, ನಿರ್ದೇಶಕರು ಒಬ್ಬರೇ. ಇಲ್ಲಿ ಗೆದ್ದದ್ದು ಅಲ್ಲಿ ಏಕೆ ಸೋತಿತು? ಹಲವು ಕಾರಣಗಳಿರಬಹುದು. ನಾನು ಒಂದನ್ನು ಮಾತ್ರ ಕಣ್ಣಾರೆ ಕಂಡೆ.

ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ತೀರಿಕೊಂಡಿದ್ದರು. ಇದು ಅವರ ಇನ್ನೂರನೆಯ ಚಿತ್ರ. ಚಿಕ್ಕಪ್ಪ ಈ ಸಲ ಒಬ್ಬನೇ ಬಂದಿದ್ದ. ಚಿಕ್ಕಮ್ಮ 2008ರಲ್ಲಿ ಹೋಗಿಬಿಟ್ಟಿದ್ದಳು. ದೀಪ ಆರಿತು. ತೆರೆಯ ಮೇಲೆ ವಿಷ್ಣು ಕಾಣಿಸಿಕೊಂಡಾಗ ಸಿಳ್ಳು, ಚಪ್ಪಾಳೆ, ಹೂವು, ಎಲ್ಲ ಆಯಿತು. ಅದು ಇಳಿದ ಮೇಲೆ ಒಂದು ಕ್ಷಣ ಮೌನ. ಆ ಮೌನದಲ್ಲಿ ನಮ್ಮ ಹಿಂದಿನ ಸಾಲಿನಿಂದ ಯಾರೋ ಹೆಂಗಸು, ಮನೆಗೆ ಬಂದ ಮಗನನ್ನು ಮಾತನಾಡಿಸುವಂತೆ, "ಬಂದ್ಯೇನಪ್ಪಾ" ಎಂದಳು. ಯಾರೂ ನಗಲಿಲ್ಲ. ಪಕ್ಕದಲ್ಲಿ ಚಿಕ್ಕಪ್ಪನ ಕಡೆ ನೋಡಿದೆ. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸುತ್ತಿದ್ದ. ಬಹಳ ಹೊತ್ತು ಒರೆಸಿದ. ಕೋಮಲ್ ಬಂದು ನಗಿಸಿದಾಗ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನೂ ಅವನೇ. ರಾಜ ಆರ್ಭಟಿಸಿದಾಗ ನನ್ನ ತೋಳು ಹಿಡಿದುಕೊಂಡ. ಎಪ್ಪತ್ತೆರಡು ವರ್ಷದ ಮನುಷ್ಯ.

ಹೊರಗೆ ಬಂದು ಕಾಫಿ ಕುಡಿಯುವಾಗ, "ಹೇಗಿತ್ತು?" ಎಂದು ಕೇಳಿದೆ.

"ಅಂಥ ರಾಜ, ಅಷ್ಟು ಕೂಗಾಡಿದ. ಒಬ್ಬರಾದರೂ ಅವನು ಹೋಗಲಿ ಅಂತ ಅಂದುಕೊಂಡರೇನೋ?" ಎಂದ ಚಿಕ್ಕಪ್ಪ. ಬಸ್ಸು ಬರುವವರೆಗೆ ಬೇರೇನೂ ಮಾತನಾಡಲಿಲ್ಲ.

ಅವನೂ 2016ರಲ್ಲಿ ತೀರಿಕೊಂಡ. 2024ರ ಆ ಚಿತ್ರ ನೋಡಿ ಬಂದ ಕೆಲವು ದಿನಗಳ ಮೇಲೆ ನಾನು ಹಾಗಲವಾಡಿಗೆ ಹೋದೆ. ಮುಚ್ಚಿದ್ದ ಮನೆಗೆ ಸುಣ್ಣಬಣ್ಣ ಮಾಡಿಸಿ ಯಾರಿಗಾದರೂ ಬಾಡಿಗೆಗೆ ಕೊಡುವುದೆಂದು ಮನೆಯವರ ತೀರ್ಮಾನವಾಗಿತ್ತು. ಬಣ್ಣದವನು ಗೋಡೆಗಳನ್ನು ಕೆರೆದು ಮುಗಿಸಿ ಬಾಗಿಲ ಹತ್ತಿರ ನನ್ನನ್ನು ಕರೆದ. ಮುಂಬಾಗಿಲ ಮೇಲೆ, ಧೂಳಿನ ಕೆಳಗೆ, ಚಿಕ್ಕಮ್ಮನ ಕೆಮ್ಮಣ್ಣಿನ ಅಕ್ಷರಗಳು ಮಾಸಿದ್ದರೂ ಅಲ್ಲೇ ಇದ್ದವು.

"ಇದನ್ನ ಉಜ್ಜಿ ಬಣ್ಣ ಹೊಡೆದುಬಿಡಲಾ ಯಜಮಾನ್ರೇ? ಬಾಗಿಲು ಒಂದೇ ಉಳಿದಿರೋದು" ಎಂದ.

ಕತ್ತಲಾಗುತ್ತ ಬಂದಿತ್ತು. ಇವತ್ತಿಗೆ ಸಾಕು, ನಾಳೆ ಬಾ ಎಂದೆ.